ಆನ್‌ಲೈನ್‌ನ 84 ಮತ್ತು ಮೂರು ದಿನದ ಪರೀಕ್ಷೆ

ಪ್ರಶ್ನೆ: ಒಂಬತ್ತು ವರ್ಷದ ಮಗನಿಗೆ ಓದು ತಲೆಗೆ ಹತ್ತುತ್ತಿಲ್ಲ. ಆನ್‌ಲೈನ್‌ನಲ್ಲಿ ಐಕ್ಯೂ ನೋಡಿದೆವು, 84 ಬಂತು. ಈಗ ಕ್ಲಿನಿಕಲ್ ಸೈಕಾಲಜಿಸ್ಟ್ ಮೂರು ದಿನ ಬರಹೇಳಿದ್ದಾರೆ. ಅಷ್ಟೆಲ್ಲ ಬೇಕೆ?

ಉತ್ತರ: ಬೇಕು. ಆ 84 ಮಾತ್ರ ದಯವಿಟ್ಟು ಮಗುವಿನ ಕಿವಿಗೆ ಬೀಳದಿರಲಿ. ಪ್ರಮಾಣೀಕೃತ ಪರೀಕ್ಷೆಗಳಲ್ಲಿ ಸರಾಸರಿ 100. ನೂರಕ್ಕೆ ಸುಮಾರು 68 ಮಂದಿ 85ರಿಂದ 115ರೊಳಗೆ ಬರುತ್ತಾರೆ. ಅದೇ ವಯಸ್ಸಿನ ದೊಡ್ಡ ಗುಂಪಿನ ಮೇಲೆ ಮೊದಲೇ ನಡೆಸಿ ನೋಡದ ಪರೀಕ್ಷೆಯ ಅಂಕಕ್ಕೆ ಈ ಅಳತೆ ಹೊಂದುವುದೇ ಇಲ್ಲ.

ಮೊದಲು ಮಾತುಕತೆ: ಹೆರಿಗೆ ಹೇಗಾಯಿತು, ಮಾತು ಯಾವಾಗ ಬಂತು, ಫಿಟ್ಸ್ ಬಂದಿತ್ತೇ. ಶಾಲೆಯ ನೋಟ್‌ಪುಸ್ತಕಗಳನ್ನೂ ಒಯ್ಯಿರಿ. ಕಣ್ಣು, ಕಿವಿ ತಪಾಸಣೆ ಆಗಿರಲೇಬೇಕು. ಕೇಳಿಸದ ಪ್ರಶ್ನೆಗೆ ತಪ್ಪಿದ ಅಂಕ ಕಿವಿಯದು, ಬುದ್ಧಿಯದಲ್ಲ.

ಪರೀಕ್ಷೆಯಲ್ಲಿ ಕೈಪಿಡಿಯ ವಾಕ್ಯವನ್ನು ಒಂದಕ್ಷರವೂ ಬದಲಿಸದೆ ಓದುತ್ತಾರೆ. ಅಂಕದಷ್ಟೇ ಮುಖ್ಯ ತಪ್ಪಿನ ಬಗೆ: ಅವಸರದಲ್ಲಿ ಊಹಿಸಿದನೇ, ಗೊತ್ತಿದ್ದೂ ತಡವಾಯಿತೇ? ಮಾತಿನಲ್ಲಿ ಚುರುಕಾಗಿದ್ದು ಕೆಲಸದ ವೇಗದಲ್ಲಿ ತೀರಾ ಹಿಂದಿರುವ ಮಗುವಿಗೂ, ಎಲ್ಲದರಲ್ಲೂ ಸಾಧಾರಣವಾಗಿರುವ ಮಗುವಿಗೂ ಒಟ್ಟು ಅಂಕ ಒಂದೇ ಬರಬಹುದು. ಬೇಕಾದ ನೆರವು ಮಾತ್ರ ಬೇರೆ ಬೇರೆ. ಓದು, ಬರಹ, ಲೆಕ್ಕವನ್ನು ಪ್ರತ್ಯೇಕವಾಗಿ ಅಳೆಯುತ್ತಾರೆ. ದಣಿದ ಮಗು ಬಲ್ಲದ್ದನ್ನೂ ತಪ್ಪುತ್ತದೆ, ಅದಕ್ಕೇ ಮೂರು ದಿನ.

ಮನೆಯಲ್ಲಿ ಅಭ್ಯಾಸ ಮಾಡಿಸಬೇಡಿ. ಇದೇ ಪರೀಕ್ಷೆ ಇತ್ತೀಚೆಗೆ ಬೇರೆ ಕಡೆ ಆಗಿದ್ದರೆ ಹೇಳಿಬಿಡಿ. ಎರಡನೇ ಸಲ ಅಂಕ ಬರಿಯ ಪರಿಚಯದಿಂದಲೇ ಏರಬಹುದು.

ಪ್ರಶ್ನೆ: ಮಗಳು ಸೈಕಾಲಜಿ ಪದವಿ ಮುಗಿಸಿದ್ದಾಳೆ. ಇನ್ನು ಚಿಕಿತ್ಸೆ ಕೊಡಬಹುದಲ್ಲವೇ?

ಉತ್ತರ: ಇಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಬ್ರಿಟನ್ನಿನಲ್ಲಿ ಪದವಿಯ ಮೇಲೆ ಮೂರು ವರ್ಷದ ಡಾಕ್ಟರೇಟ್ ಬೇಕು. ಅಮೆರಿಕದಲ್ಲಿ ಡಾಕ್ಟರೇಟ್‌ನೊಂದಿಗೆ ಒಂದು ವರ್ಷದ ಇಂಟರ್ನ್‌ಶಿಪ್. ಹಿರಿಯರ ಮೇಲ್ವಿಚಾರಣೆಯೇ ಈ ತರಬೇತಿಯ ಜೀವಾಳ. ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿದ ಸೆಷನ್‌ಗಳನ್ನು ಅವರು ಕೇಳಿ ತಪ್ಪು ತೋರಿಸುತ್ತಾರೆ.

ಕೊಳೆಯ ಭಯದಿಂದ ಮತ್ತೆ ಮತ್ತೆ ಕೈ ತೊಳೆಯುವವರಿಗೆ "ಏನೂ ಆಗಲ್ಲ ಬಿಡಿ" ಎನ್ನುವುದು ಹೊಸಬರ ಸಾಮಾನ್ಯ ತಪ್ಪು. ಆ ಸಮಾಧಾನ ಗಳಿಗೆ ಹೊತ್ತು ನಿಲ್ಲುತ್ತದೆ, ಭಯ ಮರಳುತ್ತದೆ, ಮತ್ತೆ ಸಮಾಧಾನ ಬೇಕಾಗುತ್ತದೆ. ಮಾಡಬೇಕಾದ್ದು ಬೇರೆ: ಅವರ ಒಪ್ಪಿಗೆಯಿಂದ, ಸುಲಭದ್ದರಿಂದ ಶುರುಮಾಡಿ, ಅಂಜುವ ವಸ್ತುವನ್ನು ಮುಟ್ಟಿಸಿ, ಕೈ ತೊಳೆಯದೆ ಇರಲು ಜೊತೆಗೆ ಕೂತು ನೆರವಾಗುವುದು.

ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ಕೇಳಲು ಹಿಂಜರಿಯುವುದು ಇನ್ನೂ ದೊಡ್ಡ ತಪ್ಪು. ನೇರವಾಗಿ ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಕೇಳದಿದ್ದರೆ, ಹೇಳಲು ಕಾದಿದ್ದವರೂ ಹೇಳದೆ ಎದ್ದುಹೋಗುತ್ತಾರೆ.