ಓದುಗರ ಪ್ರಶ್ನೆ, ನಮ್ಮ ಉತ್ತರ: ವರ್ಚುವಲ್ ಲೋಕ ಹೊರದೇಶಕ್ಕೆ ಹೊರಟಾಗ

ಪ್ರಶ್ನೆ: ಜನ ತಮ್ಮದೊಂದು ಗೊಂಬೆರೂಪದಲ್ಲಿ ಒಳಬಂದು ಓಡಾಡುವ, ಹರಟುವ ಆನ್‌ಲೈನ್ ವರ್ಚುವಲ್ ಲೋಕವೊಂದನ್ನು ನಾವು ನಡೆಸುತ್ತೇವೆ. ಅದನ್ನು ಆರು ತಿಂಗಳ ಹಿಂದೆ ಜರ್ಮನಿಯಲ್ಲಿ ತೆರೆದೆವು. ಅನುವಾದ ಚೆನ್ನಾಗಿದೆ ಎಂದು ಬಂದವರೇ ಹೇಳುತ್ತಾರೆ. 3,000 ಜನ ಖಾತೆ ತೆರೆದಿದ್ದಾರೆ. ಆದರೆ ಇವತ್ತು ಬಂದವರು ನಾಳೆ ಬರುವುದಿಲ್ಲ. ಜಾಹೀರಾತಿಗೆ ಇನ್ನಷ್ಟು ಹಣ ಹಾಕಬೇಕೇ?

ಉತ್ತರ: ಸದ್ಯಕ್ಕೆ ಬೇಡ. ಮೊದಲು ಒಂದು ಲೆಕ್ಕ ಹಾಕಿ ನೋಡಿ. 3,000 ಖಾತೆಗಳಲ್ಲಿ ದಿನಕ್ಕೆ ಹತ್ತರಲ್ಲಿ ಒಬ್ಬರು ಬರುತ್ತಾರೆ ಎನ್ನೋಣ, ಅಂದರೆ 300 ಜನ. ಒಬ್ಬೊಬ್ಬರು 40 ನಿಮಿಷ ಇದ್ದರೆ ಒಟ್ಟು 12,000 ನಿಮಿಷ. ದಿನದ 1,440 ನಿಮಿಷಗಳಿಗೆ ಅದನ್ನು ಹಂಚಿದರೆ ಯಾವುದೇ ಹೊತ್ತಿನಲ್ಲಿ ಒಳಗಿರುವವರು ಎಂಟು ಮಂದಿ. ಸಂಜೆ ಅದರ ಮೂರು ಪಟ್ಟು ಬಂದರೂ 25. ನಿಮ್ಮ ಲೋಕದಲ್ಲಿ 40 ತಾಣಗಳಿದ್ದರೆ ಈ 25 ಜನ ಒಬ್ಬರ ಮುಖ ಒಬ್ಬರು ನೋಡುವುದೇ ಇಲ್ಲ. ಹೊಸಬ ಚೌಕಕ್ಕೆ ಬರುತ್ತಾನೆ, ಕಾರಂಜಿ ಸುತ್ತ ಒಂದು ಸುತ್ತು ಹಾಕುತ್ತಾನೆ, ‘ಹಲೋ’ ಎಂದು ಬರೆಯುತ್ತಾನೆ, ಉತ್ತರ ಬರುವುದಿಲ್ಲ. ಎರಡೇ ನಿಮಿಷದಲ್ಲಿ ಹೊರಟುಹೋಗುತ್ತಾನೆ. ಇಂಥ ಲೋಕದಲ್ಲಿ ನೀವು ಮಾರುವ ಸರಕು ಕಟ್ಟಡವಲ್ಲ, ಉಡುಪಲ್ಲ. ಒಳಗಿರುವ ಇತರ ಜನ. ಹೊರದೇಶದಲ್ಲಿ ಕಾಲಿಟ್ಟ ದಿನ ನಿಮ್ಮ ಬಳಿ ಇಲ್ಲದಿರುವುದೂ ಅದೇ.

ಹಾಗಾಗಿ ಮೊದಲು ಬಾಗಿಲು ಮುಚ್ಚಿ. 40 ತಾಣಗಳಲ್ಲಿ ನಾಲ್ಕೈದನ್ನು ಮಾತ್ರ ತೆರೆದಿಟ್ಟು, ಲಾಗಿನ್ ಆದವರೆಲ್ಲ ಒಂದೇ ಚೌಕದಲ್ಲಿ ಇಳಿಯುವಂತೆ ಮಾಡಿ. ಸಂಜೆಯ ಹೊತ್ತಿನಲ್ಲಿ ಆ ಚೌಕದಲ್ಲಿ ಸತತ ಎರಡು ವಾರ 30 ಜನ ಕಂಡ ಮೇಲೆ ಮತ್ತೊಂದು ತಾಣ ತೆರೆಯಿರಿ.

ಇಲ್ಲೇ ಅನೇಕರು ಎಡವುವ ಒಂದು ಜಾಗವಿದೆ. ಒಂದೇ ಚೌಕದ ಹಲವು ಪ್ರತಿಗಳು ಏಕಕಾಲಕ್ಕೆ ಓಡುತ್ತಿದ್ದರೆ, ಲೋಡ್ ಬ್ಯಾಲೆನ್ಸರ್ (ಸರ್ವರ್‌ಗಳ ಹೊರೆ ಹಂಚುವ ವ್ಯವಸ್ಥೆ) ಹೊಸಬರನ್ನು ಅತಿ ಕಡಿಮೆ ಜನರಿರುವ ಪ್ರತಿಗೆ ಕಳಿಸುತ್ತದೆ. ಸರ್ವರ್‌ಗೆ ಅದು ಒಳ್ಳೆಯದು, ಲೋಕಕ್ಕೆ ಮಾರಕ. 24 ಜನ ಮೂರು ಪ್ರತಿಗಳಲ್ಲಿ ಎಂಟೆಂಟಾಗಿ ಚದುರಿಬಿಡುತ್ತಾರೆ. ನಿಯಮವನ್ನು ತಿರುಗಿಸಿ: ಮಿತಿ ಮುಟ್ಟುವವರೆಗೆ ಅತಿ ಹೆಚ್ಚು ಜನರಿರುವ ಪ್ರತಿಗೇ ಕಳಿಸಬೇಕು. ಸ್ನೇಹಿತರಿಗೆಂದು ಒಂದಿಷ್ಟು ಸ್ಥಾನ ಮೀಸಲಿಡಿ, ಇಲ್ಲದಿದ್ದರೆ ಜೊತೆಯಾಗಿ ಬಂದವರು ಬೇರೆ ಬೇರೆ ಚೌಕಗಳಿಗೆ ಹೋಗಿ ಸೇರುತ್ತಾರೆ.

ಜಾಗದಂತೆ ಸಮಯವನ್ನೂ ಕಿರಿದಾಗಿಸಿ. ವಾರಕ್ಕೆ ಎರಡು ಸಂಜೆ, ಅಲ್ಲಿನ ಸಮಯ 7ರಿಂದ 9, ಏನಾದರೊಂದು ಕಾರ್ಯಕ್ರಮ ಇರಲಿ. ಅಲ್ಲಿನ ಭಾಷೆಯನ್ನೇ ಮನೆಮಾತಾಗಿ ಆಡುವ ಇಬ್ಬರು ಆತಿಥೇಯರು ಚೌಕದಲ್ಲಿದ್ದು ಬಂದವರನ್ನು ಮಾತಾಡಿಸಲಿ. ವೇಳಾಪಟ್ಟಿಯನ್ನು ಅಲ್ಲಿನ ಸಮಯ ವಲಯದ ಹೆಸರಿನಲ್ಲಿ ದಾಖಲಿಸಿ, ‘ಇಷ್ಟು ಗಂಟೆ ವ್ಯತ್ಯಾಸ’ ಎಂದಲ್ಲ. ಯುರೋಪಿನ ಗಡಿಯಾರ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಬದಲಾಗುತ್ತದೆ. ಆ ವಾರ ಕಾರ್ಯಕ್ರಮ ಒಂದು ಗಂಟೆ ಹಿಂದು ಮುಂದಾದರೆ ಕೂಡಿದ ಜನ ಮತ್ತೆ ಚದುರುತ್ತಾರೆ. ಆರು ತಿಂಗಳಿಗೆ ಹಂಚಿದ ಜಾಹೀರಾತು ಹಣವನ್ನು ಹತ್ತು ದಿನಕ್ಕೆ ಒಟ್ಟುಗೂಡಿಸಿ, ಇಷ್ಟೆಲ್ಲ ಆದ ಮೇಲೆ.

ಅಳೆಯಬೇಕಾದ ಅಂಕಿ ನೋಂದಣಿಯಲ್ಲ. ಹೊಸಬನಿಗೆ ಮೊದಲ ಹತ್ತು ನಿಮಿಷದಲ್ಲಿ ಇನ್ನೊಬ್ಬ ಮನುಷ್ಯನಿಂದ ಒಂದು ಉತ್ತರವಾದರೂ ಸಿಕ್ಕಿತೇ? ನೂರರಲ್ಲಿ ಎಷ್ಟು ಜನಕ್ಕೆ ಸಿಕ್ಕಿತು ಎಂಬುದನ್ನು ಪ್ರತಿದಿನ ನೋಡಿ.

ಪ್ರಶ್ನೆ: ದೇಶಕ್ಕೊಂದು ಪ್ರತ್ಯೇಕ ಲೋಕ ಮಾಡುವುದೋ, ಎಲ್ಲರಿಗೂ ಒಂದೇ ಲೋಕವೋ?

ಉತ್ತರ: ಭಾಷೆಗೊಂದು ಇರಲಿ, ದೇಶಕ್ಕೊಂದು ಬೇಡ. ಫಿನ್ಲೆಂಡಿನಲ್ಲಿ 2000ದಲ್ಲಿ ಶುರುವಾದ ಹಬ್ಬೊ ಹೋಟೆಲ್ ರೂಪದ ವರ್ಚುವಲ್ ಲೋಕ; ಅದು ದೇಶಕ್ಕೊಂದು ಇಂಥ ಹೋಟೆಲ್ ತೆರೆಯುತ್ತ ಬೆಳೆಯಿತು. 2010ರಲ್ಲಿ ಇಂಗ್ಲಿಷ್ ಭಾಷೆಯ ಹೋಟೆಲ್‌ಗಳನ್ನೆಲ್ಲ ಒಂದಾಗಿ ಸೇರಿಸಿತು. ನಿಮಗೂ ಒಂದು ದಿನ ಸೇರಿಸುವ ಪ್ರಸಂಗ ಬರಬಹುದು ಎಂದು ಈಗಲೇ ಎಣಿಸಿ. ಖಾತೆಗಳ ಡೇಟಾಬೇಸ್ ಬೇರೆ ಬೇರೆಯಾಗಿದ್ದರೆ ಒಂದೇ ಹೆಸರಿನ ಇಬ್ಬರು ಎದುರುಬದುರಾಗುತ್ತಾರೆ, ಒಂದು ಕಡೆ ಅಪರೂಪದ ಕುರ್ಚಿ ಇನ್ನೊಂದು ಕಡೆ ಮೂರು ಕಾಸಿನದಾಗಿರುತ್ತದೆ. ಮೊದಲ ದಿನದಿಂದಲೇ ಹೆಸರುಗಳು ಜಗತ್ತಿಗೆಲ್ಲ ಒಂದೇ ಪಟ್ಟಿಯಲ್ಲಿರಲಿ, ವಸ್ತುಗಳ ಗುರುತುಸಂಖ್ಯೆಯೂ ಹಾಗೆಯೇ.

ಪ್ರಶ್ನೆ: ಪಠ್ಯವನ್ನೆಲ್ಲ ಅನುವಾದಿಸಿಕೊಟ್ಟ ಮೇಲೂ ಟರ್ಕಿಯ ಬಳಕೆದಾರರಲ್ಲಿ ಕೆಲವರಿಗೆ ಚಾಟ್ ಆಜ್ಞೆಗಳು ಕೆಲಸ ಮಾಡುತ್ತಿಲ್ಲ. ಬೇರೆಲ್ಲೂ ಈ ದೂರು ಇಲ್ಲ. ಏನಿರಬಹುದು?

ಉತ್ತರ: ನಿಮ್ಮ ಆಜ್ಞೆಗಳಲ್ಲಿ ‘ಐ’ ಎಂಬ ರೋಮನ್ ಅಕ್ಷರ ಇದೆಯೇ ನೋಡಿ. ಟರ್ಕಿಶ್‌ನಲ್ಲಿ ಈ ಅಕ್ಷರ ಎರಡು, ಚುಕ್ಕೆ ಇರುವುದು ಒಂದು, ಇಲ್ಲದ್ದು ಒಂದು. ಚುಕ್ಕೆಯ ಸಣ್ಣಕ್ಷರವನ್ನು ದೊಡ್ಡದು ಮಾಡಿದರೆ ಅದು ಚುಕ್ಕೆಯ ದೊಡ್ಡಕ್ಷರವೇ ಆಗುತ್ತದೆ, ಇಂಗ್ಲಿಷ್‌ನ ಚುಕ್ಕೆಯಿಲ್ಲದ ದೊಡ್ಡಕ್ಷರ ಅಲ್ಲ. ಬಳಕೆದಾರ ಟೈಪ್ ಮಾಡಿದ್ದನ್ನು ನಿಮ್ಮ ಪ್ರೋಗ್ರಾಂ ಅವನ ಕಂಪ್ಯೂಟರಿನ ಭಾಷಾ ಸೆಟ್ಟಿಂಗ್ ಪ್ರಕಾರ ದೊಡ್ಡಕ್ಷರಕ್ಕೆ ತಿರುಗಿಸಿ ಹೋಲಿಸುತ್ತಿದ್ದರೆ ಎರಡೂ ತಾಳೆಯಾಗುವುದಿಲ್ಲ. ಇಂಗ್ಲಿಷ್ ಸೆಟ್ಟಿಂಗ್‌ನಲ್ಲಿ ಓಡಿಸುವವರಿಗೆ ದೋಷ ಕಾಣುವುದಿಲ್ಲ. ‘ಕೆಲವರಿಗೆ ಮಾತ್ರ’ ಆಗುವುದು ಅದಕ್ಕೇ. ಆಜ್ಞೆ, ಫೈಲ್ ಹೆಸರು, ಲಾಗಿನ್ ಹೆಸರು, ಇವುಗಳ ಹೋಲಿಕೆ ಭಾಷಾ ಸೆಟ್ಟಿಂಗ್‌ಗೆ ಒಳಪಡದ ವಿಧಾನದಲ್ಲಿ ನಡೆಯಬೇಕು. ಪರದೆಯ ಮೇಲೆ ತೋರಿಸುವ ಪಠ್ಯ ಮಾತ್ರ ಅಲ್ಲಿನ ನಿಯಮ ಪಾಲಿಸಲಿ.

ಇದೇ ಸಾಲಿನಲ್ಲಿ ಇನ್ನೂ ಕೆಲವನ್ನು ಪರೀಕ್ಷಿಸಿಬಿಡಿ. ‘ನಿಮ್ಮ ಬಳಿ ಇಷ್ಟು ನಾಣ್ಯ ಇದೆ’ ಎಂಬ ವಾಕ್ಯವನ್ನು ತುಂಡು ತುಂಡಾಗಿ ಜೋಡಿಸಿದ್ದರೆ ರಷ್ಯನ್‌ನಲ್ಲಿ ಕೆಡುತ್ತದೆ: ಅಲ್ಲಿ ‘ನಾಣ್ಯ’ ಎಂಬ ಪದಕ್ಕೆ ಸಂಖ್ಯೆ 1 ಇದ್ದರೆ ಒಂದು ರೂಪ, 2ರಿಂದ 4ಕ್ಕೆ ಇನ್ನೊಂದು, 5ರಿಂದ ಮೇಲೆ ಮತ್ತೊಂದು, 21ಕ್ಕೆ ಬಂದರೆ ಮತ್ತೆ 1ರ ರೂಪ. ಅರಬಿಯಲ್ಲಿ ಆರು ರೂಪ, ಜಪಾನಿಯಲ್ಲಿ ಭೇದವೇ ಇಲ್ಲ. ಅನುವಾದಕರ ಕೈಗೆ ಇಡೀ ವಾಕ್ಯ ಕೊಡಿ, ಅದು ಯಾವ ಪರದೆಯದು ಎಂಬ ಚಿತ್ರದ ಜೊತೆಗೆ. ಜರ್ಮನ್ ಪಠ್ಯ ಇಂಗ್ಲಿಷ್‌ಗಿಂತ ಮೂರನೇ ಒಂದರಷ್ಟು ಉದ್ದವಾಗುವುದುಂಟು, ಆದ್ದರಿಂದ ಬಟನ್‌ಗಳಿಗೆ ಮೊದಲೇ ಜಾಗ ಬಿಡಿ. ಜಪಾನಿ, ಚೀನಿ ಭಾಷೆಗಳಲ್ಲಿ ಅಕ್ಷರ ಆಯ್ದುಕೊಳ್ಳಲು ಎಂಟರ್ ಕೀ ಒತ್ತುತ್ತಾರೆ. ನಿಮ್ಮ ಚಾಟ್ ಪೆಟ್ಟಿಗೆ ಅದನ್ನೇ ‘ಕಳಿಸು’ ಎಂದುಕೊಂಡರೆ ಅರ್ಧ ವಾಕ್ಯ ಹೋಗಿಬಿಡುತ್ತದೆ. ಹರಟುವುದಕ್ಕೆಂದೇ ಬಂದವರಿಗೆ ಇದಕ್ಕಿಂತ ಕಿರಿಕಿರಿ ಇನ್ನೊಂದಿಲ್ಲ.

ಪ್ರಶ್ನೆ: ಸರ್ವರ್ ಅನ್ನು ಆ ಹೊರದೇಶದಲ್ಲೇ ಇಡಬೇಕೇ?

ಉತ್ತರ: ದೂರ ನೋಡಿ ನಿರ್ಧರಿಸಿ. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ, ಅಂದರೆ ಪ್ರತಿ 100 ಕಿಲೋಮೀಟರ್‌ಗೆ ಹೋಗಿಬರಲು 1 ಮಿಲಿಸೆಕೆಂಡ್. 9,000 ಕಿಲೋಮೀಟರ್ ದೂರವಿದ್ದರೆ ಕನಿಷ್ಠ 90, ಕೇಬಲ್ ಸುತ್ತಿ ಬರುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಹಣ ಕೊಟ್ಟು ಇದನ್ನು ಇಳಿಸಲಾಗದು. ಹರಟೆ, ಅಲಂಕಾರ, ವ್ಯಾಪಾರದ ಲೋಕಕ್ಕೆ 200 ಮಿಲಿಸೆಕೆಂಡ್ ತಡ ಕೂಡ ನಡೆದೀತು. ನೃತ್ಯ, ಓಟ, ಚೆಂಡಾಟ ಇದ್ದರೆ ನಡೆಯದು. ಚಿತ್ರ, ಧ್ವನಿ, ಫಾಂಟ್ ಫೈಲ್‌ಗಳನ್ನು ಮಾತ್ರ ಮೊದಲ ದಿನದಿಂದಲೇ ಅಲ್ಲಿನ ಸಿಡಿಎನ್‌ನಿಂದ (ಫೈಲ್‌ಗಳ ಪ್ರತಿಯನ್ನು ಬಳಕೆದಾರರ ಹತ್ತಿರವೇ ಇಟ್ಟು ಕೊಡುವ ಸರ್ವರ್ ಜಾಲ) ಕೊಡಿ.

ಪ್ರಶ್ನೆ: ನಮ್ಮಲ್ಲಿ ಹಣ ಕೊಟ್ಟು ಕೊಂಡ ನಾಣ್ಯ, ಬಹುಮಾನವಾಗಿ ಸಿಕ್ಕ ನಾಣ್ಯ ಎರಡೂ ಒಂದೇ ಚೀಲದಲ್ಲಿವೆ. ಜಪಾನಿಗೆ ಹೋಗುವಾಗ ಬೇರ್ಪಡಿಸಿ ಎನ್ನುತ್ತಾರೆ. ಯಾಕೆ?

ಉತ್ತರ: ಬೇರ್ಪಡಿಸಲೇಬೇಕು. ಜಪಾನಿನ ಪಾವತಿ ಸೇವಾ ಕಾಯ್ದೆಯಲ್ಲಿ ಕೊಂಡ ನಾಣ್ಯ ಮುಂಗಡ ಪಾವತಿಯೆಂದು ಎಣಿಕೆಯಾಗುತ್ತದೆ. ಮಾರ್ಚ್ 31 ಅಥವಾ ಸೆಪ್ಟೆಂಬರ್ 30ರಂದು ಬಳಕೆದಾರರ ಬಳಿ ಖರ್ಚಾಗದೆ ಉಳಿದ ಮೊತ್ತ 1 ಕೋಟಿ ಯೆನ್ ದಾಟಿದರೆ ಸರ್ಕಾರಕ್ಕೆ ತಿಳಿಸಿ, ಆ ಮೊತ್ತದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಹಣವನ್ನು ಠೇವಣಿ ಇಡಬೇಕು. ಉಚಿತ ನಾಣ್ಯವೂ ಅದೇ ಚೀಲದಲ್ಲಿದ್ದರೆ ಕೊಂಡದ್ದು ಎಷ್ಟು ಉಳಿದಿದೆ ಎಂದು ತೋರಿಸಲು ನಿಮಗೇ ಆಗದು. ಎರಡು ಖಾನೆ ಮಾಡಿ, ಖರ್ಚಿನಲ್ಲಿ ಯಾವುದು ಮೊದಲು ಕಳೆಯುತ್ತದೆ ಎಂಬ ನಿಯಮವನ್ನು ಬಳಕೆದಾರರಿಗೂ ಹೇಳಿ. ಖರೀದಿಸಿದ ದಿನದಿಂದ ಆರು ತಿಂಗಳೊಳಗೆ ಅವಧಿ ಮುಗಿಯುವ ನಾಣ್ಯಕ್ಕೆ ಈ ಕಾಯ್ದೆ ಅನ್ವಯಿಸದು. ಕೆಲವರು ಆ ದಾರಿ ಹಿಡಿಯುತ್ತಾರೆ. ಕೂಡಿಟ್ಟು ಮನೆ ಕಟ್ಟುವ ಲೋಕದಲ್ಲಿ ಅದು ಬಳಕೆದಾರರ ವಿಶ್ವಾಸ ಕೆಡಿಸುತ್ತದೆ, ನಮ್ಮ ಸಲಹೆ ಅಲ್ಲ. ಲೋಕ ಮುಚ್ಚಿದರೆ ಉಳಿದ ನಾಣ್ಯದ ಹಣ ವಾಪಸ್ ಕೊಡಬೇಕು, ಅರ್ಜಿಗೆ ಕನಿಷ್ಠ 60 ದಿನ ಅವಕಾಶ ಇರಬೇಕು.

ಯುರೋಪಿನಲ್ಲಿ ತಲೆನೋವು ಬೇರೆ. ಅಲ್ಲಿ ವ್ಯಾಟ್ ಕೊಳ್ಳುವವರ ದೇಶದ ದರದಲ್ಲಿ ಬೀಳುತ್ತದೆ: ಜರ್ಮನಿಯಲ್ಲಿ ಶೇ 19, ಹಂಗೇರಿಯಲ್ಲಿ ಶೇ 27. ಬೆಲೆ ವ್ಯಾಟ್ ಸೇರಿಯೇ ತೋರಿಸಬೇಕಾದ್ದರಿಂದ ಒಂದೇ ಬೆಲೆ ಇಟ್ಟರೆ ನಿಮ್ಮ ಪಾಲು ದೇಶಕ್ಕೊಂದು ತೆರನಾಗುತ್ತದೆ. ಕೊಂಡವರ ದೇಶಕ್ಕೆ ಸಾಕ್ಷಿಯಾಗಿ ಬಿಲ್ಲಿಂಗ್ ವಿಳಾಸ, ಐಪಿ ವಿಳಾಸ, ಕಾರ್ಡಿನ ಬ್ಯಾಂಕ್ ಇರುವ ದೇಶ, ಇವನ್ನು ಪ್ರತಿ ಮಾರಾಟಕ್ಕೂ ಉಳಿಸಿಡಿ. ಪಾವತಿ ವಿಧಾನವೂ ಅಲ್ಲಿನದೇ ಇರಲಿ: ನೆದರ್ಲೆಂಡ್ಸ್‌ನಲ್ಲಿ ಐಡೀಲ್, ಬ್ರೆಜಿಲ್‌ನಲ್ಲಿ ಪಿಕ್ಸ್, ಜಪಾನಿನಲ್ಲಿ ಕನ್ವೀನಿಯನ್ಸ್ ಸ್ಟೋರ್ ಕೌಂಟರ್‌ನಲ್ಲಿ ನಗದು. ಕಾರ್ಡ್ ಒಂದನ್ನೇ ನಂಬಿದರೆ ಕಾರ್ಡ್ ಇಲ್ಲದ ಹದಿಹರೆಯದವರೆಲ್ಲ ಹೊರಗೇ ಉಳಿಯುತ್ತಾರೆ.

ಪ್ರಶ್ನೆ: ವಯಸ್ಸಿನ ಮಿತಿ 13 ಎಂದು ಎಲ್ಲೆಡೆ ಹಾಕಿದರೆ ಸಾಲದೇ?

ಉತ್ತರ: ಸಾಲದು. 13 ಅಮೆರಿಕದ ಮಿತಿ; ಅದಕ್ಕಿಂತ ಚಿಕ್ಕವರ ಮಾಹಿತಿ ಪಡೆಯಲು ತಂದೆತಾಯಿಯ ಒಪ್ಪಿಗೆಯನ್ನು ಖಚಿತಪಡಿಸಿಕೊಳ್ಳಬೇಕು. ಯುರೋಪಿನ ವೈಯಕ್ತಿಕ ಮಾಹಿತಿ ರಕ್ಷಣಾ ಕಾನೂನಾದ ಜಿಡಿಪಿಆರ್‌ನಲ್ಲಿ ದೇಶಕ್ಕೊಂದು ಅಂಕಿ, 13ರಿಂದ 16ರ ನಡುವೆ: ಫ್ರಾನ್ಸ್‌ನಲ್ಲಿ 15, ಜರ್ಮನಿಯಲ್ಲಿ 16. ಹುಟ್ಟಿದ ದಿನಾಂಕ ಮತ್ತು ದೇಶ ಎರಡನ್ನೂ ಕೇಳಿ, ಮಿತಿಯನ್ನು ಕೋಡ್‌ನೊಳಗೆ ಬರೆಯದೆ ದೇಶವಾರು ಪಟ್ಟಿಯಲ್ಲಿಡಿ. ಹಣ ಕೊಟ್ಟು ತೆರೆಯುವ, ಒಳಗೇನಿದೆ ಎಂದು ತೆರೆದ ಮೇಲಷ್ಟೇ ತಿಳಿಯುವ ಅದೃಷ್ಟದ ಪೆಟ್ಟಿಗೆ ಇದ್ದರೆ ಅದನ್ನು ತೆಗೆದುಹಾಕಿಯೇ ಬೆಲ್ಜಿಯಂಗೆ ಹೋಗಿ. 2018ರಲ್ಲಿ ಅಲ್ಲಿನ ಗೇಮಿಂಗ್ ಆಯೋಗ ಅದು ಜೂಜು ಎಂದು ಹೇಳಿದೆ.

ಪ್ರಶ್ನೆ: ಚೀನಾದ ಪಾಲುದಾರ ಕಂಪನಿಯೊಂದು ಮುಂದೆ ಬಂದಿದೆ. ಒಪ್ಪಂದದಲ್ಲಿ ಏನು ನೋಡಬೇಕು?

ಉತ್ತರ: ಮುಗಿಯುವ ದಿನದ ಷರತ್ತನ್ನು ಮೊದಲು ಓದಿ. ಅಲ್ಲಿ ಹಣ ಪಡೆಯುವ ಆಟ ಪ್ರಕಟಿಸಲು ಸರ್ಕಾರದ ಪರವಾನಗಿ ಬೇಕು, ಅದು ಅಲ್ಲಿನ ಕಂಪನಿಯ ಮೂಲಕವೇ ಆಗಬೇಕು. ಹಾಗಾಗಿ ಪಾಲುದಾರ ಹೋದರೆ ಲೋಕವೂ ಮುಚ್ಚುತ್ತದೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟ ನೋಡಿ: ಅದನ್ನು ತಯಾರಿಸಿದ ಬ್ಲಿಜಾರ್ಡ್ ಮತ್ತು ಚೀನಾದ ಪಾಲುದಾರ ನೆಟ್‌ಈಸ್ ನಡುವಿನ ಒಪ್ಪಂದ ಮುಗಿದು 2023ರ ಜನವರಿಯಲ್ಲಿ ಚೀನಾದ ಸರ್ವರ್‌ಗಳು ನಿಂತವು, 2024ರಲ್ಲಷ್ಟೇ ಮತ್ತೆ ಬಂದವು. ಚೀನಾದ ಟೆನ್ಸೆಂಟ್ ಕಂಪನಿಯ ಜೊತೆಗೂಡಿ ಅಮೆರಿಕದ ಆಟದ ವೇದಿಕೆ ರೋಬ್ಲಾಕ್ಸ್ 2021ರ ಜುಲೈಯಲ್ಲಿ ತೆರೆದ ಚೀನೀ ಆವೃತ್ತಿ ಅದೇ ಡಿಸೆಂಬರ್‌ನಲ್ಲಿ ನಿಂತಿತು. ಅಲ್ಲಿ ಅಪ್ರಾಪ್ತರಿಗೆ 2021ರ ಸೆಪ್ಟೆಂಬರ್‌ನಿಂದ ಶುಕ್ರ, ಶನಿ, ಭಾನುವಾರ ಮತ್ತು ಸಾರ್ವಜನಿಕ ರಜಾದಿನಗಳಲ್ಲಿ ರಾತ್ರಿ 8ರಿಂದ 9ರವರೆಗೆ ಮಾತ್ರ ಆನ್‌ಲೈನ್ ಆಟಕ್ಕೆ ಅವಕಾಶ. ಮಕ್ಕಳನ್ನೇ ನಂಬಿದ ಲೋಕವಾದರೆ ಲೆಕ್ಕ ಅಲ್ಲೇ ಮಾಡಿನೋಡಿ.

ಒಪ್ಪಂದದಲ್ಲಿ ಬರೆಸಲೇಬೇಕಾದದ್ದು ಮೂರು. ಖಾತೆ, ವಸ್ತು, ಸ್ನೇಹಿತರ ಪಟ್ಟಿಯ ಪ್ರತಿಯನ್ನು ಬಳಕೆದಾರರೇ ಇಳಿಸಿಕೊಳ್ಳಲು ಮುಚ್ಚುವ ಮುನ್ನ ಕನಿಷ್ಠ 60 ದಿನ. ಹೊಸ ಪಾಲುದಾರ ಸಿಕ್ಕರೆ, ಅಲ್ಲಿನ ಡೇಟಾ ಕಾನೂನಿನ ಮಿತಿಯಲ್ಲಿ, ಹಸ್ತಾಂತರಕ್ಕೆ ಹಳಬರ ಸಹಕಾರ. ಮತ್ತು ಉಳಿದ ನಾಣ್ಯದ ಹಣ ಯಾರು ವಾಪಸ್ ಕೊಡುತ್ತಾರೆ ಎಂಬುದು, ಹೆಸರು ಹಿಡಿದು. ಮೂರನೆಯದಕ್ಕೆ ಒಪ್ಪದ ಪಾಲುದಾರರ ಜೊತೆ ಸಹಿ ಮಾಡಬೇಡಿ.