ಕ್ಯಾಂಪಿಗೆ ಹೊರಡುವ ಮುನ್ನ

ಪ್ರಶ್ನೆ: ನಮ್ಮ ಚರ್ಚಿನವರು ಅನಾಥಾಶ್ರಮದ ಅಂಗವಿಕಲ ಮಕ್ಕಳನ್ನು ಕ್ಯಾಂಪಿಗೆ ಕರೆದೊಯ್ಯುತ್ತಿದ್ದಾರೆ. ನಾನೂ ಸಹಾಯಕ್ಕೆ ಹೋಗುತ್ತಿದ್ದೇನೆ. ಏನು ಕಲಿತಿರಬೇಕು?

ಉತ್ತರ: ಹಾಡು, ಆಟ ಆಮೇಲೆ. ನಿಮ್ಮ ಪಾಲಿನ ಮಗು ಹೇಗೆ ನುಂಗುತ್ತದೆ ಅಂತ ಮೊದಲು ಕೇಳಿ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಸ್ನಾಯುಗಳ ಹಿಡಿತ ಸರಿಯಿಲ್ಲದ ಸ್ಥಿತಿ) ಇರುವ ಮಗುವನ್ನು ಮಲಗಿಸಿ ಉಣಿಸಿದರೆ ಊಟ ಶ್ವಾಸನಾಳಕ್ಕೆ ಇಳಿಯಬಹುದು. ನೆಟ್ಟಗೆ ಕೂರಿಸಿ, ಸಣ್ಣ ತುತ್ತು ಕೊಡಿ. ಫಿಟ್ಸ್ ಬಂದರೆ ಬಾಯಿಗೆ ಏನೂ ತುರುಕಬೇಡಿ. ಪಕ್ಕಕ್ಕೆ ಹೊರಳಿಸಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಆಂಬ್ಯುಲೆನ್ಸ್ ಕರೆಯಿರಿ.

ಕ್ಯಾಂಪುಗಳಲ್ಲಿ ನರ್ಸ್ ಆಗಿದ್ದವಳು ನಾನು. ನನಗೆ ಸಿಟ್ಟು ಬರುವುದು ಒಂದಕ್ಕೇ: ಹೊರಡುವಾಗ ಸುಮ್ನೆ ‘ಮತ್ತೆ ಬರ್ತೀನಿ’ ಅನ್ನುವುದು. ಬಿಟ್ಟುಹೋದವರನ್ನು ಜಾಸ್ತಿ ಕಂಡ ಮಕ್ಕಳು ಅವರು, ಅಲ್ವಾ? ಆಶ್ರಮದವರನ್ನು ಕೇಳದೆ ಫೋಟೋ ಬೇಡ. ಪ್ರಾರ್ಥನೆಗೆ ಮಗು ಮುಖ ತಿರುಗಿಸಿದರೆ ಬಲವಂತ ಮಾಡಬೇಡಿ.