ಪೂರ್ವಪಕ್ಷವನ್ನೇ ಸಿದ್ಧಾಂತವೆಂದು ಓದಿದರೆ

ಮಾನ್ಯರೇ,

ಹದಿಮೂರನೆಯ ಶತಮಾನದ ಕ್ರೈಸ್ತ ತತ್ತ್ವಜ್ಞಾನಿ ಥಾಮಸ್ ಅಕ್ವಿನಾಸ್ ಕುರಿತ ನಿಮ್ಮ ‘ಸಂದೇಹಿ ಸಂತ’ ಲೇಖನವನ್ನು ಪೂರ್ತಿ ಓದಿದೆ. ಈಗಿರುವಂತೆ ಪ್ರಕಟಿಸಲಾಗದು. ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಅಕ್ವಿನಾಸ್‌ಗೆ ದೇವರ ಬಗ್ಗೆ ಒಳಗೊಳಗೇ ಸಂದೇಹವಿತ್ತೆಂಬ ನಿಮ್ಮ ವಾದವೆಲ್ಲ ನಿಂತಿರುವುದು ‘ದೇವರಿಲ್ಲವೆಂದು ತೋರುತ್ತದೆ’ ಎಂಬ ಒಂದೇ ಉದ್ಧರಣೆಯ ಮೇಲೆ. ಅವನ ದೇವತಾಶಾಸ್ತ್ರದ ಗ್ರಂಥ ‘ಸುಮ್ಮಾ ಥಿಯೊಲೋಜಿಯೇ’ಯ ಮೊದಲ ಭಾಗದ ಎರಡನೆಯ ಪ್ರಶ್ನೆಯಲ್ಲಿ ಆ ಮಾತು ಇರುವುದು ನಿಜ. ಆದರೆ ಅದು ಅಕ್ವಿನಾಸ್‌ನ ನಿಲುವಲ್ಲ, ಎದುರಾಳಿಯದು. ಆ ಗ್ರಂಥದ ಚರ್ಚೆಗಳೆಲ್ಲ ಹೀಗೇ ಸಾಗುತ್ತವೆ: ಮೊದಲು ಆಕ್ಷೇಪಗಳು, ಅವಕ್ಕೆ ಇದಿರಾಗಿ ಒಂದು ಪ್ರಮಾಣವಾಕ್ಯ, ಆಮೇಲೆ ಅವನ ಸ್ವಂತ ಉತ್ತರ, ಕೊನೆಗೆ ಆಕ್ಷೇಪಗಳಿಗೆ ಒಂದೊಂದಾಗಿ ಸಮಾಧಾನ. ಭಾಷ್ಯಗಳನ್ನು ಗುರುಮುಖೇನ ಓದಿದ್ದಾಗಿ ಬರೆದಿದ್ದೀರಿ. ಪೂರ್ವಪಕ್ಷವನ್ನು ಸಿದ್ಧಾಂತದ ಪಟ್ಟಕ್ಕೇರಿಸುವ ಕೆಲಸ ನಿಮ್ಮಿಂದ ಆಗಬಾರದಿತ್ತು.

ಸ್ವಾರಸ್ಯವೂ ಅಲ್ಲೇ ಇತ್ತು, ನೀವು ದಾಟಿಕೊಂಡು ಹೋಗಿದ್ದೀರಿ. ಅಲ್ಲಿಯ ಎರಡು ಆಕ್ಷೇಪಗಳನ್ನು ಮತ್ತೊಮ್ಮೆ ನೋಡಿ. ದೇವರು ಅನಂತ ಒಳಿತಾದರೆ ಕೆಡುಕಿಗೆ ಜಾಗವೇ ಇರಬಾರದು. ಕೆಡುಕು ಕಣ್ಣೆದುರಿಗೇ ಇದೆ. ಇನ್ನೊಂದು, ಲೋಕದ ಆಗುಹೋಗುಗಳನ್ನೆಲ್ಲ ಪ್ರಕೃತಿಯಿಂದ, ಮನುಷ್ಯನ ಬುದ್ಧಿ ಮತ್ತು ಇಚ್ಛೆಯಿಂದ ವಿವರಿಸಬಹುದಾದರೆ ದೇವರೇಕೆ ಬೇಕು? ಇಂದಿನ ನಾಸ್ತಿಕರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಡೊಮಿನಿಕನ್ ಎಂಬ ಕ್ರೈಸ್ತ ಪಂಗಡದ ಒಬ್ಬ ಸನ್ಯಾಸಿ ಈ ವಾದಗಳಿಗೆ ನೀರು ಬೆರೆಸದೆ ಮುಂದಿಟ್ಟು, ಆಮೇಲಷ್ಟೇ ದೇವರಿದ್ದಾನೆಂದು ತೋರಿಸುವ ತನ್ನ ಐದು ದಾರಿಗಳ ವಾದಕ್ಕೆ ಕೈಹಾಕುತ್ತಾನೆ. ಅವನ ಮನಸ್ಸಿನಲ್ಲಿ ಗುಟ್ಟಿನ ಸಂದೇಹವನ್ನು ಹುಡುಕುವ ಬದಲು, ಈ ಧೈರ್ಯ ಎಲ್ಲಿಂದ ಬಂತೆಂದು ಕೇಳಬೇಕಿತ್ತು. ಉತ್ತರ ನಿಮ್ಮ ಐದನೆಯ ಪುಟದಲ್ಲೇ ಇದೆ: ಪ್ಯಾರಿಸ್ ವಿಶ್ವವಿದ್ಯಾಲಯದ ವಾದಗೋಷ್ಠಿ. ತುಂಬಿದ ಸಭೆಯ ಆಕ್ಷೇಪಗಳಿಗೆ ಕಿರಿಯ ವಿದ್ವಾಂಸ ಉತ್ತರಿಸುವುದು, ಇನ್ನೊಂದು ದಿನ ಗುರು ನಿರ್ಣಯ ಹೇಳುವುದು. ಇಡೀ ಲೇಖನದಲ್ಲಿ ಜೀವವಿರುವ ಭಾಗ ಇದೊಂದೇ. ಅರ್ಧ ಪುಟಕ್ಕೇ ಯಾಕೆ ಕೈಬಿಟ್ಟಿರೋ!

‘ಚರ್ಚ್ ಅವನನ್ನು ಶಿಕ್ಷಿಸಿತು’ ಎಂಬ ವಾಕ್ಯವನ್ನು ಹೊಡೆದುಹಾಕಿ. 1277ರ ಮಾರ್ಚ್ 7ರಂದು ಪ್ಯಾರಿಸ್‌ನ ಬಿಷಪ್ ಎತಿಯೆನ್ ತಾಂಪಿಯೆ 219 ಪ್ರತಿಪಾದನೆಗಳನ್ನು ಖಂಡಿಸಿದ. ಕೆಲವು ಅಕ್ವಿನಾಸ್‌ನ ವಿಚಾರಗಳಿಗೂ ತಾಗುತ್ತಿದ್ದವು, ಆದರೆ ಅವನ ಹೆಸರನ್ನು ಎತ್ತಿರಲಿಲ್ಲ; ಅವನು ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು. 1323ರಲ್ಲಿ ಅವನು ಸಂತನೆಂದು ಘೋಷಿತನಾದ. 1325ರಲ್ಲಿ ಅವನಿಗೆ ತಾಗುವಷ್ಟರ ಮಟ್ಟಿಗೆ ಆ ಖಂಡನೆ ರದ್ದಾಯಿತು.

ಮಧ್ವಾಚಾರ್ಯರೊಂದಿಗಿನ ಹೋಲಿಕೆಯನ್ನು ಪೂರ್ತಿ ತೆಗೆಯಿರಿ. ಇಬ್ಬರೂ ಹದಿಮೂರನೆಯ ಶತಮಾನದವರೆಂಬುದು ಹೋಲಿಕೆಗೆ ಸಾಲದು.

ಐದನೆಯ ಪುಟದಿಂದಲೇ ಶುರುಮಾಡಿ, ಸಾವಿರದೈನೂರು ಪದಗಳೊಳಗೆ ಹೊಸದಾಗಿ ಬರೆದು ಕಳುಹಿಸಿ. ಶೀರ್ಷಿಕೆಯೂ ಬೇರೆಯಾಗಲಿ.

ಇತಿ,
ಸಂಪಾದಕ